ಕದಲದೆ ನಿಂತ ಬಲಕ್ಕೆ ಅಳತೆ

ಧುಪದಾಳದಲ್ಲಿ ಘಟಪ್ರಭೆಗೆ ಅಡ್ಡಲಾಗಿ 1897ರಲ್ಲಿ ಕಟ್ಟಿದ ಒಡ್ಡನ್ನು ಕಂಡವರು ಬಲ್ಲರು: ನೀರು ಹಗಲಿರುಳು ನೂಕುತ್ತದೆ, ಒಡ್ಡು ಅಂಗುಲವೂ ಸರಿಯದು. ಸರಿಯಲಿಲ್ಲವೆಂದು ಅಲ್ಲಿ ಬಲವೇ ಇಲ್ಲವೆನ್ನಲಾದೀತೆ? ತುಂಬಿದ ಕೊಡವನ್ನು ಹಿಡಿದು ನಿಂತ ತಾಯಂದಿರ ತೋಳೂ ಹಾಗೆಯೇ. ಬಾಗದು, ಚಾಚದು, ಆದರೂ ದಣಿಯುತ್ತದೆ. ಹೀಗೆ ಕೀಲು ಅಲುಗದೆ ಸ್ನಾಯು ತೋರುವ ಬಲವನ್ನು ಅಳೆಯುವುದಕ್ಕೆ ವೈದ್ಯರು ಐಸೊಮೆಟ್ರಿಕ್ ಪರೀಕ್ಷೆ ಎನ್ನುತ್ತಾರೆ.

ಮಂಡಿಯ ಶಸ್ತ್ರಚಿಕಿತ್ಸೆಯಾದವರೂ ವಯೋವೃದ್ಧರೂ ಈ ಪರೀಕ್ಷೆಯ ಚೀಟಿ ಹಿಡಿದು ಮನೆಗೆ ಬರುವುದುಂಟು. ಹಿಂದಿನದಕ್ಕಿಂತ ಅಂಕಿ ಇಳಿದಿದ್ದರೆ ಮನೆಮಂದಿಗೆಲ್ಲ ಚಿಂತೆ. ಓದುಗ ಬಂಧುಗಳು ಮೊದಲು ನೋಡಬೇಕಾದುದು ಅಂಕಿಯನ್ನಲ್ಲ, ಅದರ ಪಕ್ಕದ ಮಾನವನ್ನು. ಒಂದು ಕಡೆ ಕಿಲೋಗ್ರಾಂ ಎಂದೂ ಇನ್ನೊಂದು ಕಡೆ ನ್ಯೂಟನ್ ಎಂದೂ ಬರೆಯುತ್ತಾರೆ. ಒಂದು ಕಿಲೋಗ್ರಾಂ ತೂಕವನ್ನು ಎತ್ತಿ ಹಿಡಿಯಲು ಸುಮಾರು 9.8 ನ್ಯೂಟನ್ ಬಲ ಬೇಕು. ಆದುದರಿಂದ 20 ಕಿಲೋಗ್ರಾಂ ಎಂಬುದೂ 196 ನ್ಯೂಟನ್ ಎಂಬುದೂ ಒಂದೇ.

ನಿಜವಾದ ತೊಡಕು ಮುಂದಿನದು. ಹಾರೆಯಿಂದ ಕಲ್ಲು ಮೀಟುವ ರೈತನು ತುದಿಯಲ್ಲಿ ಹಿಡಿದರೆ ಕಡಿಮೆ ಬಲ ಸಾಕು, ನಡುವೆ ಹಿಡಿದರೆ ಹೆಚ್ಚು ಬೇಕು. ಕಾಲಿನದೂ ಅದೇ ಲೆಕ್ಕ. ಮಂಡಿಯಿಂದ 30 ಸೆಂಟಿಮೀಟರ್ ಕೆಳಗೆ ಪಟ್ಟಿ ಕಟ್ಟಿ ಒತ್ತಿದಾಗ ಯಂತ್ರ 200 ನ್ಯೂಟನ್ ತೋರಿಸಿತೆನ್ನೋಣ. ಅದೇ ಪಟ್ಟಿಯನ್ನು 25 ಸೆಂಟಿಮೀಟರಿಗೆ ಏರಿಸಿದರೆ ಅದೇ ಕಾಲು 240 ತೋರಿಸುತ್ತದೆ. ಬಲ ಹೆಚ್ಚಿತೆ? ಇಲ್ಲ, ಪಟ್ಟಿ ಸರಿಯಿತು, ಅಷ್ಟೆ. ಬಲವನ್ನು ದೂರದಿಂದ ಗುಣಿಸಿದಾಗ ಎರಡೂ ಸಲ 60 ನ್ಯೂಟನ್-ಮೀಟರ್ ಬರುತ್ತದೆ; ಇದನ್ನು ಟಾರ್ಕ್ ಎನ್ನುವರು. ಹೋಲಿಸಲು ತಕ್ಕುದು ಇದೇ. ಮಂಡಿ ಬಾಗಿದ ಕೋನ ಬದಲಾದರೂ ಅಂಕಿ ಬದಲಾಗುತ್ತದೆ. ದೂರವನ್ನೂ ಕೋನವನ್ನೂ ಬರೆಯದ ಚೀಟಿಯನ್ನು ಮತ್ತೊಂದರೊಡನೆ ತೂಗಿ ನೋಡುವುದು ವ್ಯರ್ಥವೆಂದೇ ನಮ್ಮ ಅಭಿಪ್ರಾಯ.

ಕೈಹಿಡಿತದ ಪರೀಕ್ಷೆ ಇದಕ್ಕಿಂತ ಸರಳ. ಡೈನಮೋಮೀಟರನ್ನು ಬಲವಾಗಿ ಹಿಂಡಬೇಕು. ಎರಡು ಮೂರು ಸಲದಲ್ಲಿ ಬಂದ ಗರಿಷ್ಠವನ್ನು ಹಿಡಿಯುತ್ತಾರೆ. ಹಿರಿಯರ ಸ್ನಾಯುಕ್ಷಯವನ್ನು ಕುರಿತು ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದಂತೆ ಗಂಡಸರಲ್ಲಿ 28, ಹೆಂಗಸರಲ್ಲಿ 18 ಕಿಲೋಗ್ರಾಮಿಗಿಂತ ಕಡಿಮೆಯಾದರೆ ಅದು ದುರ್ಬಲ ಹಿಡಿತ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಪಾಲ್ಗೊಂಡ, 17 ದೇಶಗಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಿಡಿತ 5 ಕಿಲೋಗ್ರಾಂ ಕಡಿಮೆಯಿದ್ದಷ್ಟೂ ಮರಣದ ಸಂಭವ ಶೇಕಡಾ 16ರಷ್ಟು ಹೆಚ್ಚೆಂದು ಅದರಲ್ಲಿ ಕಂಡುಬಂದಿತು. ಹಿಡಿತವೇ ಆಯುಸ್ಸನ್ನು ನಿರ್ಧರಿಸುತ್ತದೆಂದು ಇದರ ಅರ್ಥವಲ್ಲ. ಒಟ್ಟು ದೇಹಸ್ಥಿತಿಗೆ ಅದೊಂದು ಕುರುಹು ಮಾತ್ರ.

ಹಿಂಡುವಾಗ ಉಸಿರು ಬಿಗಿಹಿಡಿಯಬಾರದು. ರಕ್ತದೊತ್ತಡ ಥಟ್ಟನೆ ಏರುತ್ತದೆ. ಹೃದ್ರೋಗ, ಅಂಡವಾಯು ಅಥವಾ ಈಚಿನ ಶಸ್ತ್ರಚಿಕಿತ್ಸೆಯುಳ್ಳವರು ಪರೀಕ್ಷಕರಿಗೆ ಮೊದಲೇ ತಿಳಿಸಬೇಕು. ಮರಳುವಾಗ ಚೀಟಿಯಲ್ಲಿ ಮಾನ, ಪಟ್ಟಿಯ ದೂರ, ಕೀಲಿನ ಕೋನ, ಬಲಗೈಯೋ ಎಡಗೈಯೋ ಎಂಬುದನ್ನು ಬರೆಸಿಕೊಂಡೇ ಬರಬೇಕು.