ಕೊಂಬು ಮನೆಗೆ ತರಬೇಡಿ, ಉರುಳು ಹೊಲದಂಚಲ್ಲಿ ಬಿಡಬೇಡಿ

ಹೋದ ಶುಕ್ರವಾರ ಹೆಡಿಯಾಲದ ಕಡೆ ನಮ್ಮ ಭಾವನ ಜಮೀನಿಗೆ ಹೋಗಿದ್ದೆ. ಸಂಜೆ ಕೊಟ್ಟಿಗೆಗೆ ಕೂಡುವಾಗ ಒಂದು ಮೇಕೆ ಕಮ್ಮಿ ಬಂತು. ಹುಡುಕ್ಕೊಂಡು ಹುರುಳಿ ಹೊಲ ದಾಟಿ, ಹಳ್ಳದ ಬದಿ ಲಂಟಾನ ಪೊದೆ ಹತ್ರ ಹೋದ್ವಿ. ಮೊದಲು ವಾಸನೆ ಬಂತು, ಆಮೇಲೆ ನೊಣ ಕಂಡವು. ಗಂಡು ಜಿಂಕೆ. ಹೊಟ್ಟೆ ಭಾಗ ನಾಯಿ ಹಂದಿ ಎಳೆದಾಡಿದ್ವು. ಕುತ್ತಿಗೆಗೆ ಬೈಕಿನ ಕ್ಲಚ್ ವೈರು ಮೂಳೆ ತನಕ ಇಳಿದಿತ್ತು. ಸುತ್ತ ಒಂದು ಮಾರು ನೆಲ ಗೊರಸಲ್ಲಿ ಕೆರೆದು ಉತ್ತ ಹಾಗಾಗಿತ್ತು. ಉರುಳು ಹಾಕಿದವನು ತಿರುಗಿ ಬಂದೂ ನೋಡಿಲ್ಲ.

ಭಾವ ಕೊಂಬು ನೋಡಿ, "ಜೋಡಿ ಚೆನ್ನಾಗದೆ ಕಣಪ್ಪ, ಪಡಸಾಲೆಗೆ ಹಾಕ್ಬೋದು. ನಾವೇನ್ ಕೊಂದ್ವಾ? ಸತ್ತು ಬಿದ್ದಿರೋದು ತಾನೆ" ಅಂದ್ರು. ಅಲ್ಲೇ ನಮ್ಮಿಬ್ರಿಗೂ ಜಗಳ ಆಯ್ತು. ಈ ಮಾತು ನಮ್ಮಲ್ಲಿ ಬಹಳ ಜನ ಆಡೋದ್ರಿಂದ ಇಲ್ಲಿ ಬರೀತಿದ್ದೀನಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 39ನೇ ಕಲಂ ಪ್ರಕಾರ ಸತ್ತು ಸಿಕ್ಕ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಸಿಕ್ಕವರು 48 ಗಂಟೆಯೊಳಗೆ ಪೊಲೀಸ್ ಸ್ಟೇಷನ್ನಿಗೋ ಅರಣ್ಯ ಇಲಾಖೆಗೋ ತಿಳಿಸಿ ಒಪ್ಪಿಸಬೇಕು. 2023ರ ಅಕ್ಟೋಬರಲ್ಲಿ ಹುಲಿ ಉಗುರಿನ ಪೆಂಡೆಂಟಿಗೆ ಬಿಗ್ ಬಾಸ್ ಮನೆಯಿಂದಲೇ ಒಬ್ರನ್ನ ಹಿಡ್ಕೊಂಡು ಹೋದಾಗ, ನಮ್ಮೂರಲ್ಲೂ ಅಜ್ಜನ ಕಾಲದ ಕೊಂಬು ಗೋಡೆಯಿಂದ ಇಳಿದು ಅಟ್ಟ ಸೇರಿದ್ದು ಮರೆತುಹೋಯ್ತಾ?

"ಉದುರಿದ ಕೊಂಬಿಗೇನು?" ಅಂತ ಇನ್ನೊಬ್ರು ಕೇಳ್ತಾರೆ. ನಿಜ, ಜಿಂಕೆ, ಕಡವೆ ಕೊಂಬು ಉದುರಿ ಮತ್ತೆ ಬೆಳೀತವೆ. ಕೃಷ್ಣಮೃಗದ್ದು ಹಸು ಕೊಂಬಿನ ಹಾಗೆ, ಉದುರೋದಿಲ್ಲ. ತಾನಾಗಿ ಉದುರಿದ್ದಕ್ಕೆ ಬುಡದಲ್ಲಿ ಗುಂಡಗೆ ಒರಟು ಬಳೆ ಇರ್ತದೆ. ಕೊಂದು ತೆಗೆದದ್ದಕ್ಕೆ ಬುರುಡೆ ಮೂಳೆ ಅಂಟ್ಕೊಂಡಿರ್ತದೆ. ಆದ್ರೆ ಉದುರಿದ್ದನ್ನೂ ಇಟ್ಕೊಳ್ಳೋ ಹಾಗಿಲ್ಲ. ಉದುರಿದ್ದಕ್ಕೆ ಬಿಟ್ರೆ ಕೊಂದು ತಂದವನೂ "ಉದುರಿತ್ತು ಸಾರ್" ಅಂತಾನೆ. ಅದು ಕಾಡಲ್ಲಿ ದಂಡ ಆಗೋದೂ ಇಲ್ಲ. ಮುಳ್ಳುಹಂದಿ ಸುಣ್ಣದಂಶಕ್ಕೆ ಅದನ್ನ ಕಡೀತದೆ, ಜಿಂಕೆನೂ ಕಡೀತದೆ. ನಮ್ಮ ಪಡಸಾಲೆಯಲ್ಲಿ ಅದು ಧೂಳು ತಿನ್ನೋದು ಬಿಟ್ರೆ ಇನ್ನೇನು?

ಕೊಂಬಿನ ಮಾತು ಹಾಗಿರ್ಲಿ, ನನ್ನ ಸಿಟ್ಟು ಆ ವೈರಿನ ಮೇಲೆ.

"ಹಂದಿ ರಾತ್ರೋರಾತ್ರಿ ಕಬ್ಬು, ಜೋಳ ಎಲ್ಲಾ ಮಲಗಿಸ್ತವೆ, ಉರುಳು ಹಾಕ್ದೆ ಪೂಜೆ ಮಾಡ್ಬೇಕಾ?" ಅಂತೀರಿ. ನನ್ನ ಬಾಳೆಗೂ ಹಂದಿ ನುಗ್ಗಿವೆ, ಆ ಹೊಟ್ಟೆ ಉರಿ ನಂಗೂ ಗೊತ್ತು. ಆದ್ರೆ ವೈರಿಗೆ ಹಂದಿ ಯಾವುದು, ಜಿಂಕೆ ಯಾವುದು, ಚಿರತೆ ಯಾವುದು ಗೊತ್ತಿಲ್ಲ. ನಿಮ್ಮ ಮನೆ ಹಸು ಯಾವುದು ಅಂತಲೂ ಗೊತ್ತಿಲ್ಲ. 2022ರ ಅಕ್ಟೋಬರಿಂದ 2023ರ ಜನವರಿಯೊಳಗೆ ಟಿ. ನರಸೀಪುರ ತಾಲ್ಲೂಕಲ್ಲಿ ಚಿರತೆ ದಾಳಿಗೆ ನಾಲ್ಕು ಜೀವ ಹೋದವು. ಅದರಲ್ಲೊಂದು ಹನ್ನೊಂದು ವರ್ಷದ ಮಗು. ಅದಕ್ಕೆ ಉರುಳೇ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಉರುಳು ಕಿತ್ಕೊಂಡು ಕಾಲು ಕೊಳೆತ ಚಿರತೆ ಜಿಂಕೆ ಹಿಂದೆ ಓಡಲಾರದು. ಅದಕ್ಕೆ ಸಿಗೋದು ನಾಯಿ, ಕರು, ಆಮೇಲೆ? ಕಬ್ಬಿನ ಗದ್ದೆಗೆ ನೀರು ಕಟ್ಟೋಕೆ ರಾತ್ರಿ ಹೋಗೋದು ನಾವೇ ಅಲ್ವಾ?

ಇನ್ನು ಕೆಲವರಿಗೆ ಹಂದಿ ಬರೀ ನೆಪ. ಹಬ್ಬಕ್ಕೆ ಕಾಡು ಬಾಡು ಬೇಕು, ಅದಕ್ಕೆ ಪೇಟೆಯಿಂದ ಕಾರಲ್ಲಿ ಬರೋ ಗಿರಾಕಿ ಇದ್ದಾರೆ. ಸಿಕ್ಕಿಬಿದ್ದಾಗ ಅವರ ಕಾರು ಅಲ್ಲಿರಲ್ಲ. ಅಭಯಾರಣ್ಯದೊಳಗೆ ಬೇಟೆ ಸಾಬೀತಾದ್ರೆ ಮೂರರಿಂದ ಏಳು ವರ್ಷ ಜೈಲು. ಒಳಗೆ ಕೂರೋದು ನಮ್ಮೂರ ಹುಡುಗ, ಕೋರ್ಟಿಗೆ ಅಲೆಯೋದು ಅವನ ಅವ್ವ.

ಇಲಾಖೆಯವ್ರಿಗೂ ಒಂದು ಮಾತು. ಅವತ್ತು ರಾತ್ರಿಯೇ ನಾವು ಫೋನ್ ಮಾಡಿದ್ವಿ. ಬಂದವ್ರು ಬೆಳಗ್ಗೆ ಹತ್ತು ಗಂಟೆಗೆ. ಬಂದೋರು ಮೊದಲು ಕೇಳಿದ್ದು, "ನೀವೇ ಹಾಕಿದ್ದಾ?" ಭಾವನ ಆಧಾರ್ ಕಾರ್ಡು ಕೇಳಿದ್ರು, ಎರಡು ಸಲ ಆಫೀಸಿಗೆ ಓಡಾಡಿಸಿದ್ರು. ಭಾವ ನನ್ನ ಮುಖ ನೋಡಿ ನಕ್ಕರು. ಆ ನಗುವಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಸುದ್ದಿ ಕೊಟ್ಟವನನ್ನೇ ಕಳ್ಳನ ಹಾಗೆ ನಿಲ್ಲಿಸಿದ್ರೆ ಮುಂದಿನ ಸಲ ಜನ ಗುಂಡಿ ತೋಡಿ ಮುಚ್ಚಿ ಸುಮ್ನಾಗ್ತಾರೆ. ತಿಳಿಸಿದವರಿಗೆ ಅಲ್ಲೇ ಒಂದು ಸ್ವೀಕೃತಿ ಚೀಟಿ ಕೊಡಿ. ಬೆಳೆ ಪರಿಹಾರ ಬೆಳೆ ಮತ್ತೆ ಬರೋ ಮುಂಚೆ ಕೊಡಿ. ಆಗ ಉರುಳು ಹಾಕೋನಿಗೆ ಬುದ್ಧಿ ಹೇಳೋಕೆ ನಮಗೂ ಬಾಯಿ ಬರ್ತದೆ.

ನಾವು ಮಾಡಬೇಕಾದ್ದೂ ಇದೆ. ಕೊಂಬು, ಕಳೇಬರ ಕಂಡ್ರೆ ಮುಟ್ಟಬೇಡಿ. ದೂರದಿಂದ ಫೋಟೋ ತೆಗೀರಿ, ಜಾಗ ಗುರುತಿಟ್ಕೊಂಡು ತಿಳಿಸಿ. ಒಬ್ರೇ ಬೇಡ, ಇಬ್ಬರು ಸಾಕ್ಷಿ ಇಟ್ಕೊಳ್ಳಿ. ಬೆಳೆ ಹಾಳಾದ್ರೆ ಅದೇ ದಿನ ಫೋಟೋ ಸಮೇತ ಅರ್ಜಿ ಹಾಕಿ. ವಾರಕ್ಕೊಂದ್ಸಲ ನಿಮ್ಮ ಬೇಲಿ ಸಾಲು ನಡೆದು ನೋಡಿ. ಬೇರೆಯವ್ರು ಕಟ್ಟಿದ ಉರುಳಿಗೂ ಮೊದಲು ಕೇಳೋದು ಜಮೀನು ಯಾರ್ದು ಅಂತಲೇ.

ಮೇಕೆ ಏನಾಯ್ತು ಅಂತ ಕೇಳ್ತೀರಿ. ಮಾರನೇ ದಿನ ಅದೇ ಹಳ್ಳದಲ್ಲಿ ಸಿಕ್ತು, ಇನ್ನೊಂದು ವೈರಲ್ಲಿ. ಭಾವ ಈಗ ಕೊಂಬಿನ ಮಾತು ಎತ್ತೋದಿಲ್ಲ.