ನರ್ಸಿಂಗ್ ವಿದ್ಯಾರ್ಥಿಗೆ ಪರೀಕ್ಷೆ ವಾರವಾರವೂ ಬರಲಿ

ನರ್ಸಿಂಗ್ ಓದುವ ಮಕ್ಕಳಿಗೆ ಮೊದಲ ವರ್ಷದ ಸೋಲು ಮೊದಲ ವರ್ಷದಲ್ಲೇ ಮುಗಿಯುವುದಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪ್ರಕಟಿಸಿದ ಪರಿಷ್ಕೃತ ನಿಯಮಾವಳಿಯು ನಾಲ್ಕು ವರ್ಷಗಳ ಬಿಎಸ್ಸಿ ನರ್ಸಿಂಗ್ ಕೋರ್ಸನ್ನು ಎಂಟು ಸೆಮಿಸ್ಟರ್‌ಗಳಾಗಿ ವಿಂಗಡಿಸಿತು. ಇಂಗ್ಲಿಷ್ ಮತ್ತು ಐಚ್ಛಿಕ ವಿಷಯಗಳನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ಥಿಯರಿಗೆ ಬೇರೆ, ಪ್ರಾಕ್ಟಿಕಲ್‌ಗೆ ಬೇರೆ ಶೇ 50 ಅಂಕ ಬರಬೇಕು. ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಇರಬೇಕು. ಹಿಂದಿನ ವಿಷಯಗಳನ್ನೆಲ್ಲ ಪಾಸು ಮಾಡದೆ ಐದನೇ ಸೆಮಿಸ್ಟರಿನ ಪರೀಕ್ಷೆ ಬರೆಯುವಂತಿಲ್ಲ. ಎಂಟು ವರ್ಷಗಳೊಳಗೆ ಕೋರ್ಸ್ ಮುಗಿಸದವರಿಗೆ ಪದವಿ ಇಲ್ಲ. ಮೊದಲ ಸೆಮಿಸ್ಟರಿನಲ್ಲೇ ಎದುರಾಗುವ ಅನಾಟಮಿ–ಫಿಸಿಯಾಲಜಿಯಲ್ಲಿ ಉಳಿದ ಒಂದು ಬ್ಯಾಕ್‌ಲಾಗ್, ಮೂರನೇ ಸೆಮಿಸ್ಟರಿನ ಫಾರ್ಮಕಾಲಜಿ, ಪೆಥಾಲಜಿ, ಮೈಕ್ರೋಬಯಾಲಜಿಗಳ ಜೊತೆ ಸೇರಿಕೊಂಡಾಗ, ವಾರಕ್ಕೆ 40 ಗಂಟೆಗಳ ತರಗತಿ ಮತ್ತು ವಾರ್ಡ್ ಪೋಸ್ಟಿಂಗ್ ನಡುವೆ ವಿದ್ಯಾರ್ಥಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ನಿಯಮ ಕಠಿಣವಾಗಿರುವುದನ್ನು ನಾನು ಆಕ್ಷೇಪಿಸುತ್ತಿಲ್ಲ. ಸಿರಿಂಜ್ ಹಿಡಿಯುವ ಕೈಗೆ ಅಷ್ಟು ಬಿಗಿ ಬೇಕು. ಆದರೆ ಇಷ್ಟು ಬಿಗಿಯಾದ ಏಣಿ ಇಟ್ಟವರು ಅದನ್ನು ಹತ್ತುವ ಬಗೆಯನ್ನೂ ಕಲಿಸಿಕೊಡಬೇಕಲ್ಲವೇ?

ಮೈಸೂರು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾದ ಊರು. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ, 1906ರಿಂದ ನಡೆಯುತ್ತಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ ಹೀಗೆ ದೊಡ್ಡ ಆಸ್ಪತ್ರೆಗಳು ಇಲ್ಲಿರುವುದರಿಂದಲೇ ನರ್ಸಿಂಗ್ ಶಿಕ್ಷಣವೂ ಇಲ್ಲಿ ಬೇರುಬಿಟ್ಟಿದೆ. ನಂಜನಗೂಡು, ಹುಣಸೂರು, ಎಚ್.ಡಿ. ಕೋಟೆ, ಚಾಮರಾಜನಗರ, ಕೊಳ್ಳೇಗಾಲದ ಕಡೆಯ ಹಳ್ಳಿಗಳಿಂದ ಮಕ್ಕಳು ಈ ಊರಿಗೆ ಓದಲು ಬರುತ್ತಾರೆ. ಅವರಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಹೇಗೋ ದಾಟಿ ಬಂದವರೂ ಇದ್ದಾರೆ. ಇಂಥವರು ಫೇಲಾದಾಗ ಕೇಳಿಬರುವ ವಿವರಣೆ ಎರಡೇ: ‘ಸರಿಯಾಗಿ ಓದಲಿಲ್ಲ’, ಇಲ್ಲವೇ ‘ಬೇಸಿಕ್ಸ್ ಇಲ್ಲ’. ಎರಡೂ ವಿದ್ಯಾರ್ಥಿಯತ್ತಲೇ ಬೆರಳು ತೋರುತ್ತವೆ, ಎರಡೂ ಅರ್ಧ ಸತ್ಯ. ಹಿಂದುಳಿದ ವಿದ್ಯಾರ್ಥಿ ಎಷ್ಟೋ ಸಲ ಮುಂದಿರುವವನಿಗಿಂತ ಹೆಚ್ಚು ಹೊತ್ತು ಪುಸ್ತಕದ ಮುಂದೆ ಕೂರುತ್ತಾನೆ. ನೋಟ್ಸನ್ನು ಅಂದವಾಗಿ ಇನ್ನೊಂದು ಸಲ ಬರೆಯುವುದು, ಸಾಲುಗಳಿಗೆ ಬಣ್ಣ ಬಳಿಯುವುದು, ‘ಇಂಪಾರ್ಟೆಂಟ್ ಕ್ವೆಶ್ಚನ್ಸ್’ ಹುಡುಕಿ ಉತ್ತರಗಳನ್ನು ಬೈಹಾರ್ಟ್ ಮಾಡುವುದು ಇವನ ಓದು. ಕೊರತೆ ಇರುವುದು ಓದಿನ ಈ ರೀತಿಯಲ್ಲಿ. ಅದನ್ನು ಸರಿಪಡಿಸುವ ಜವಾಬ್ದಾರಿಯನ್ನು ಹಾಸ್ಟೆಲ್ ಕೋಣೆಗೆ ಬಿಡದೆ ಕಾಲೇಜಿನ ವೇಳಾಪಟ್ಟಿಯೇ ಹೊರಬೇಕು ಎಂಬುದು ನನ್ನ ವಾದ. ಅದಕ್ಕೆ ಇರುವ ಅತ್ಯಂತ ಅಗ್ಗದ ಸಾಧನ ಅಂಕವಿಲ್ಲದ, ಪದೇಪದೇ ನಡೆಯುವ ಪುಟ್ಟ ಪರೀಕ್ಷೆ.

ಇದು ಬರಿಯ ಅಭಿಪ್ರಾಯವಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪಾಠ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದುತ್ತಲೇ ಇದ್ದವರು ಶೇ 83ರಷ್ಟನ್ನು ಹೇಳಿದರೆ, ಬರೆದು ನೋಡಿದವರು ಶೇ 71ರಷ್ಟನ್ನು ಮಾತ್ರ ಹೇಳಿದರು. ಒಂದು ವಾರದ ನಂತರ ಲೆಕ್ಕ ತಿರುಗಿತು: ಓದಿದವರಲ್ಲಿ ಉಳಿದದ್ದು ಶೇ 40, ಬರೆದು ನೋಡಿದವರಲ್ಲಿ ಶೇ 61. ಎರಡು ವರ್ಷಗಳ ನಂತರ ಅವರೇ ಸ್ವಾಹಿಲಿ ಪದಗಳನ್ನು ಕಲಿಸಿ ಮಾಡಿದ ಪ್ರಯೋಗದಲ್ಲೂ ವಾರದ ಕೊನೆಗೆ ನೆನಪನ್ನು ಕಾಪಾಡಿದ್ದು ಮತ್ತೆ ಮತ್ತೆ ನೆನಪಿಸಿಕೊಳ್ಳುವ ಕ್ರಿಯೆ. ಮತ್ತೆ ಮತ್ತೆ ಓದಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಹತ್ತು ಅಧ್ಯಯನ ವಿಧಾನಗಳ ಬಗೆಗಿನ ಸಂಶೋಧನೆಗಳನ್ನೆಲ್ಲ ತೂಗಿ ನೋಡಿ, ಹೆಚ್ಚು ಉಪಯುಕ್ತ ಎಂದು ಗುರುತಿಸಿದ್ದು ಎರಡನ್ನೇ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದು. ಗೆರೆ ಎಳೆಯುವುದು, ಮರಳಿ ಓದುವುದು ಕೊನೆಯ ಸಾಲಿನಲ್ಲಿ ಉಳಿದವು. ನಮ್ಮ ಹಾಸ್ಟೆಲ್‌ಗಳಲ್ಲಿ ನಡೆಯುವ ಓದು ಬಹುಮಟ್ಟಿಗೆ ಈ ಕೊನೆಯ ಸಾಲಿನದ್ದೇ.

ಆ ಐದು ನಿಮಿಷದ ಅಂಕಿಯನ್ನು ಕಡೆಗಣಿಸಬಾರದು. ಹಿಂದುಳಿದ ವಿದ್ಯಾರ್ಥಿಯ ಇಡೀ ಕಥೆ ಅದರಲ್ಲಿದೆ. ರಾತ್ರಿಯೆಲ್ಲ ಓದಿ ಬೆಳಿಗ್ಗೆ ಇಂಟರ್ನಲ್ಸ್ ಬರೆದಾಗ ಅಂಕ ಬರುತ್ತದೆ, ಓದಿದ ರೀತಿ ಸರಿ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಸೆಮಿಸ್ಟರ್ ಕೊನೆಯ 75 ಅಂಕಗಳ ವಿಶ್ವವಿದ್ಯಾಲಯದ ಪತ್ರಿಕೆ ಬರುವ ಹೊತ್ತಿಗೆ ಆ ಪಾಠ ಕರಗಿರುತ್ತದೆ. ಕಣ್ಣಿಗೆ ಪರಿಚಿತವಾದದ್ದು ತಲೆಗೂ ಬಂದಿದೆ ಎಂಬ ಭ್ರಮೆ ಓದುವ ಎಲ್ಲರಿಗೂ ಉಂಟು. ಮುದ್ದೆ ಕಟ್ಟುವುದನ್ನು ವರ್ಷಗಟ್ಟಲೆ ನೋಡಿದವರಿಗೂ ಹಿಟ್ಟಿಗೆ ಕೈಯಿಟ್ಟಾಗಲೇ ತಮಗೆ ಬರುವುದಿಲ್ಲ ಎಂದು ಗೊತ್ತಾಗುವುದು. ಪುಸ್ತಕ ಮುಚ್ಚಿ ಬರೆದು ನೋಡುವುದರ ಮೊದಲ ಲಾಭ ಇದೇ: ಏನು ಬರುವುದಿಲ್ಲ ಎಂಬುದು ಪರೀಕ್ಷಾ ಹಾಲ್‌ಗಿಂತ ಮೊದಲೇ ತಿಳಿಯುತ್ತದೆ.

ನರ್ಸಿಂಗ್‌ಗೆ ಇದು ಇನ್ನಷ್ಟು ಮುಖ್ಯ, ಏಕೆಂದರೆ ಇಲ್ಲಿನ ಪ್ರಶ್ನೆ ವ್ಯಾಖ್ಯೆಯಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಇನ್ಸುಲಿನ್ ಪಡೆದ ರೋಗಿ ತಿಂಡಿ ತಿಂದಿಲ್ಲ. ಹತ್ತೂವರೆಗೆ ಮೈ ಬೆವರಿದೆ, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಮೊದಲು ಏನು ಮಾಡುತ್ತೀರಿ? ಮಧುಮೇಹದ ವ್ಯಾಖ್ಯೆ, ವಿಧಗಳು, ಕಾರಣಗಳನ್ನು ಪುಟಗಟ್ಟಲೆ ಕಂಠಪಾಠ ಮಾಡಿದವಳು ಇಲ್ಲಿ ವ್ಯಾಖ್ಯೆಯಿಂದಲೇ ಬರೆಯಲು ಶುರುಮಾಡುತ್ತಾಳೆ. ಪ್ರಶ್ನೆ ಕೇಳುತ್ತಿರುವುದು ರಕ್ತದಲ್ಲಿ ಸಕ್ಕರೆ ಕುಸಿದಿದೆ ಎಂದು ಗುರುತಿಸುವುದನ್ನು, ಗ್ಲುಕೋಮೀಟರಿನಲ್ಲಿ ನೋಡುವುದನ್ನು, ಎಚ್ಚರವಿದ್ದು ನುಂಗಬಲ್ಲ ರೋಗಿಗೆ 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷದ ನಂತರ ಮತ್ತೆ ಪರೀಕ್ಷಿಸುವುದನ್ನು, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದಿರುವುದನ್ನು. ಹಾಗೆಯೇ ಡ್ರಿಪ್‌ನ ಲೆಕ್ಕ: 1 ಲೀಟರ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಒಂದು ಮಿಲಿಲೀಟರಿಗೆ 20 ಹನಿ. 20,000 ಹನಿಗಳನ್ನು 480 ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ ಸುಮಾರು 42. ಸೂತ್ರವನ್ನು ಹತ್ತು ಸಲ ಓದುವುದಕ್ಕಿಂತ ಬೇರೆ ಬೇರೆ ಅಂಕಿಗಳಿಟ್ಟು ಹತ್ತು ಸಲ ಮಾಡಿದವಳಿಗೆ ಇದು ಪತ್ರಿಕೆಯಲ್ಲೂ ತಪ್ಪುವುದಿಲ್ಲ, ವಾರ್ಡಿನಲ್ಲೂ ತಪ್ಪುವುದಿಲ್ಲ. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಅಧಿಕಾರಿ ನೇಮಕಾತಿಗೆ ನಡೆಯುವ ನಾರ್ಸೆಟ್‌ನಂಥ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಅರೆಬರೆ ನೆನಪು ಅಲ್ಲಿ ನಷ್ಟವನ್ನೇ ತರುತ್ತದೆ.

ಹಾಗಾದರೆ ವೇಳಾಪಟ್ಟಿಯಲ್ಲಿ ಏನು ಬದಲಾಗಬೇಕು? ಹೊಸ ಪಠ್ಯಕ್ರಮದಲ್ಲಿ ಸ್ವಾಧ್ಯಯನಕ್ಕೆಂದೇ ಗಂಟೆಗಳಿವೆ. ಅವುಗಳಲ್ಲಿ ವಾರಕ್ಕೆ ಎರಡು ಸಲ, 20 ನಿಮಿಷ, ಪುಸ್ತಕ ಮುಚ್ಚಿ ಹತ್ತು ಪ್ರಶ್ನೆಗಳಿಗೆ ಬರೆಯುವುದು. ಅದರಲ್ಲಿ ಆರು ಆ ವಾರದ್ದು, ಎರಡು ಹೋದ ತಿಂಗಳದ್ದು, ಎರಡು ಹಿಂದಿನ ಸೆಮಿಸ್ಟರಿನದ್ದು. ಅಂತರ ಕೊಟ್ಟು ನೆನಪಿಸಿಕೊಳ್ಳುವುದು ಆಗ ತಾನಾಗಿಯೇ ನಡೆಯುತ್ತದೆ. ಬರೆದದ್ದನ್ನು ಪಕ್ಕದವರು ಉತ್ತರಪಟ್ಟಿ ಇಟ್ಟುಕೊಂಡು ನೋಡಲಿ. ಅಂಕವನ್ನು ರಿಜಿಸ್ಟರಿಗೆ ಏರಿಸಬಾರದು. ಏರಿಸಿದ ಕ್ಷಣದಿಂದ ಅದು ಇನ್ನೊಂದು ಇಂಟರ್ನಲ್ ಆಗಿಬಿಡುತ್ತದೆ, ಮಕ್ಕಳು ಕಾಪಿ ಹೊಡೆಯುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳಿಗೂ ಇಲ್ಲೊಂದು ಒಳ್ಳೆಯ ಬಳಕೆ ಇದೆ. ಈ ಸಲ ಏನು ಬರಬಹುದೆಂದು ಊಹಿಸಲು ಅವನ್ನು ತಿರುವಿಹಾಕುವವನಿಗೆ ಅವು ಅರ್ಧ ಸಿಲಬಸ್ ಬಿಡಲು ನೆಪ. ಗಡಿಯಾರ ಇಟ್ಟುಕೊಂಡು ಬರೆದು ನೋಡುವವನಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ. ಪೋಸ್ಟಿಂಗ್ ಮುಗಿಸಿ ಬಂದ ಸಂಜೆ, ಆ ದಿನ ನೋಡಿಕೊಂಡ ಒಬ್ಬ ರೋಗಿಯ ಕೇರ್ ಪ್ಲಾನನ್ನು ಕೇಸ್ ಷೀಟ್ ನೋಡದೆ ಕಾಲುಗಂಟೆ ಬರೆಯುವುದೂ ಇದೇ ಜಾತಿಯ ಕೆಲಸ. ಹಿರಿಯರ ರೆಕಾರ್ಡ್ ಪುಸ್ತಕ ಎದುರಿಟ್ಟುಕೊಂಡು ನಕಲು ಮಾಡುವ ಗಂಟೆಗಳನ್ನು ಇದಕ್ಕೆ ತಿರುಗಿಸಿದರೆ ಹೊಸ ಸಮಯವನ್ನೇನೂ ಹುಡುಕಬೇಕಿಲ್ಲ.

ಭಾಷೆಯ ಮಾತನ್ನು ಇಲ್ಲಿ ಬಿಡುವಂತಿಲ್ಲ. ಉತ್ತರ ಇಂಗ್ಲಿಷಿನಲ್ಲೇ ಬರೆಯಬೇಕು, ಅದು ನಿಯಮ. ಆದರೆ ಅರ್ಥವಾಗದ ವಾಕ್ಯವನ್ನು ನೆನಪಿನಿಂದ ತೆಗೆಯಲು ಹೊರಟರೆ ಸಿಗುವುದು ಶಬ್ದಗಳ ಚೂರುಗಳು ಮಾತ್ರ. ಕನ್ನಡದಲ್ಲಿ ಯೋಚಿಸುವ ವಿದ್ಯಾರ್ಥಿ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಕನ್ನಡದಲ್ಲಿ ಗೆಳತಿಗೆ ಹೇಳಿ, ನಂತರ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಲಿ. ವೈದ್ಯಕೀಯವನ್ನು ಕನ್ನಡದಲ್ಲಿ ತಿಳಿಯಾಗಿ ಹೇಳಬಹುದೇ ಎಂಬ ಅನುಮಾನವನ್ನು ಅನುಪಮಾ ನಿರಂಜನ ಅವರ ‘ತಾಯಿ-ಮಗು’ ಪುಸ್ತಕ ಎಂದೋ ನಿವಾರಿಸಿದೆ. ಹೀಗೆ ಮೊದಲು ಕನ್ನಡದಲ್ಲಿ ಹೇಳಿಕೊಂಡರೆ ಮಕ್ಕಳ ಇಂಗ್ಲಿಷ್ ಕೆಡುತ್ತದೆ, ಗಲ್ಫ್, ಜರ್ಮನಿಯ ಕೆಲಸಗಳು ಕೈತಪ್ಪುತ್ತವೆ ಎಂಬ ಆತಂಕ ಪೋಷಕರಲ್ಲಿದೆ. ಅದು ಸುಳ್ಳು ಆತಂಕವಲ್ಲ, ಸಾಲ ಮಾಡಿ ಓದಿಸುವವರ ಆತಂಕ. ಆದರೆ ಕಂಠಪಾಠದ ಇಂಗ್ಲಿಷ್ ವಿದೇಶದ ಸಂದರ್ಶನದಲ್ಲೂ ನಿಲ್ಲುವುದಿಲ್ಲ. ಅರ್ಥಮಾಡಿಕೊಂಡದ್ದನ್ನು ಸ್ವಂತ ಇಂಗ್ಲಿಷಿನಲ್ಲಿ ದಿನವೂ ಬರೆದವಳಿಗೆ ಭಾಷೆಯೂ ಒಲಿಯುತ್ತದೆ. ಜೊತೆಗೆ ಕೆ.ಆರ್. ಆಸ್ಪತ್ರೆಯ ರೋಗಿ ‘ಎದೆ ಹಿಡಿದಂಗಾಗ್ತದೆ’, ‘ಕೈಕಾಲು ಜೋಮು ಹಿಡೀತದೆ’ ಎಂದು ಹೇಳುವುದನ್ನು ಕೇಳಿಸಿಕೊಂಡು ಚಾರ್ಟಿನಲ್ಲಿ ಸರಿಯಾಗಿ ಬರೆಯುವ ಶಕ್ತಿ ಈ ಮಕ್ಕಳಲ್ಲಿ ಆಗಲೇ ಇದೆ. ನಮ್ಮ ತರಗತಿಗಳು ಅದನ್ನು ಕೊರತೆಯ ಖಾತೆಯಲ್ಲಿ ಬರೆದುಕೊಂಡಿರುವುದು ನನಗೆ ನೋವಿನ ಸಂಗತಿ. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ಇದೇ ಊರಿನಲ್ಲಿದೆ. ರಾಷ್ಟ್ರೀಯ ಅನುವಾದ ಮಿಷನ್, ಭಾರತವಾಣಿ ಯೋಜನೆಗಳೆರಡೂ ಅಲ್ಲಿಂದಲೇ ನಡೆಯುತ್ತವೆ. ಮೊದಲ ಎರಡು ಸೆಮಿಸ್ಟರಿನ ಪಾರಿಭಾಷಿಕ ಪದಗಳಿಗೆ ಕನ್ನಡ ವಿವರಣೆ, ಉಚ್ಚಾರಣೆ ಇರುವ ಒಂದು ಕೈಪಿಡಿಯನ್ನು ಮೈಸೂರಿನ ನರ್ಸಿಂಗ್ ಅಧ್ಯಾಪಕರು ಆ ಸಂಸ್ಥೆಯ ಜೊತೆ ಕೂತು ಮಾಡುವುದು ಅಸಾಧ್ಯದ ಮಾತಲ್ಲ.

ಅಧ್ಯಾಪಕರ ಆಕ್ಷೇಪ ಬೇರೆ: ಇರುವ ಕೆಲಸವೇ ಹೆಚ್ಚು, ವಾರವಾರ ಪರೀಕ್ಷೆ ಮಾಡಿ ತಿದ್ದುವವರು ಯಾರು? ನ್ಯಾಯವಾದ ಪ್ರಶ್ನೆ. ಆದರೆ ಈ ಪರೀಕ್ಷೆಯ ಫಲ ಅಧ್ಯಾಪಕರ ತಿದ್ದುವಿಕೆಗೇ ಅಂಟಿಕೊಂಡಿಲ್ಲ. ನೆನಪಿಸಿಕೊಳ್ಳುವ ಯತ್ನ ಮತ್ತು ಬರೆದ ಕೂಡಲೇ ಸರಿ ಉತ್ತರ ನೋಡುವುದು, ಇವೆರಡರಿಂದ ಬಹುಪಾಲು ಕೆಲಸ ಆಗುತ್ತದೆ. ಬೇಕಾಗುವುದು ಒಳ್ಳೆಯ ಪ್ರಶ್ನೆಗಳ ಒಂದು ಸಂಗ್ರಹ, ಅದನ್ನು ಒಮ್ಮೆ ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ಇನ್ನು ಕೆಲವರು ಹೇಳುವುದು, ಇದೆಲ್ಲ ತುತ್ತು ಮಾಡಿ ಉಣಿಸುವುದು, ಗುಣಮಟ್ಟ ಇಳಿಯುತ್ತದೆ ಎಂದು. ವಾರಕ್ಕೆರಡು ಸಲ ಪುಸ್ತಕ ಮುಚ್ಚಿ ಬರೆಯಬೇಕಾದ ತರಗತಿ ಈಗಿರುವುದಕ್ಕಿಂತ ಕಷ್ಟದ ತರಗತಿ. ಶೇ 50ರ ಗೆರೆಯನ್ನು ಇಳಿಸಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಬೈಹಾರ್ಟ್ ಮಾಡಿಯೇ ರ‍್ಯಾಂಕ್ ಬಂದವರಿದ್ದಾರಲ್ಲ ಎನ್ನುವವರಿಗೆ ಒಂದು ಮಾತು: ಔಷಧಿಯ ಪ್ರಮಾಣ, ನಾಡಿಯ ಸಹಜ ಮಿತಿ ಇವು ಬಾಯಿಪಾಠವಾಗಲೇಬೇಕು. ಆದರೆ ಕಂಠಪಾಠ ಮಾಡಿ ಗೆದ್ದವರು ಪುಸ್ತಕ ಮುಚ್ಚಿ ತಮ್ಮಷ್ಟಕ್ಕೆ ಒಪ್ಪಿಸಿ ನೋಡಿಕೊಂಡವರೇ. ಮಗ್ಗಿಯನ್ನು ನಮ್ಮ ಶಾಲೆಗಳು ಕಲಿಸಿದ್ದು ಹಾಗೆಯೇ.

ಓದಿನ ರೀತಿ ಬದಲಾದರೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದೂ ನಿಜ. ರಾತ್ರಿ ಪಾಳಿ ಮುಗಿಸಿ ನಿದ್ದೆಯಿಲ್ಲದೆ ತರಗತಿಗೆ ಬಂದವಳಿಗೆ, ಶುಲ್ಕ ಕಟ್ಟಲಾಗದೆ ವಾರಾಂತ್ಯದಲ್ಲಿ ದುಡಿಯುವವನಿಗೆ ಯಾವ ತಂತ್ರವೂ ಪೂರ್ತಿ ಒದಗುವುದಿಲ್ಲ. ಅದಕ್ಕೆ ವಿದ್ಯಾರ್ಥಿವೇತನ ಬೇಕು, ಹಾಸ್ಟೆಲ್ ಬೇಕು. ಪುಟ್ಟ ಪರೀಕ್ಷೆ ಇವುಗಳ ಬದಲಿಯಲ್ಲ, ಆದರೆ ಇವು ಬರುವವರೆಗೆ ಕಾಯಬೇಕಾದ್ದೂ ಅಲ್ಲ.

ಕಾಲೇಜುಗಳು ಈ ಸೆಮಿಸ್ಟರಿನಲ್ಲೇ ಶುರುಮಾಡಬಹುದಾದ ಕೆಲಸ ಫೇಲಾದವರ ವಿಷಯದಲ್ಲಿದೆ. ಈಗ ಅವರಿಗೆ ಸಿಗುವುದು ಒಂದು ಅಂಕಿ ಮತ್ತು ಸಪ್ಲಿಮೆಂಟರಿಯ ದಿನಾಂಕ. ಅದೇ ಪುಸ್ತಕವನ್ನು ಅದೇ ರೀತಿ ಮತ್ತೆ ಓದಿ ಅಷ್ಟೇ ಅಂಕ ತರುತ್ತಾರೆ. ಅವರ ಇಂಟರ್ನಲ್ಸ್ ಉತ್ತರಪತ್ರಿಕೆಗಳು ಕಾಲೇಜಿನಲ್ಲೇ ಇರುತ್ತವೆ. ಅಧ್ಯಾಪಕರೊಬ್ಬರು ವಿದ್ಯಾರ್ಥಿಯನ್ನು ಕೂರಿಸಿಕೊಂಡು ಪ್ರತಿ ತಪ್ಪನ್ನೂ ನೋಡಲಿ: ವಿಷಯವೇ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಆ ಹೊತ್ತಿಗೆ ನೆನಪಾಗಲಿಲ್ಲವೇ, ನೆನಪಾಗಿಯೂ ಪ್ರಶ್ನೆಯನ್ನು ತಪ್ಪಾಗಿ ಓದಿದ್ದೇ? ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ಪುಸ್ತಕ ಮುಚ್ಚಿ ಬರೆಯುವ ಅಭ್ಯಾಸ. ಮೂರನೆಯದು ಪ್ರಶ್ನೆಯ ಕ್ರಿಯಾಪದಕ್ಕೆ ಗೆರೆ ಎಳೆದು, ‘ಮೊದಲು’ ಎಂದು ಕೇಳಿದ್ದಾರೋ ‘ಪಟ್ಟಿ ಮಾಡಿ’ ಎಂದಿದ್ದಾರೋ ನೋಡಿ, ಅಂಕಕ್ಕೆ ತಕ್ಕಷ್ಟು ನಿಮಿಷ ಕೊಟ್ಟು ಬರೆಯುವ ರೂಢಿಯಿಂದ ಸರಿಹೋಗುತ್ತದೆ. ಈ ವಿಂಗಡಣೆಗೆ ಒಬ್ಬ ವಿದ್ಯಾರ್ಥಿಗೆ ಅರ್ಧ ಗಂಟೆ ಸಾಕು. ಅದು ಫಲಿತಾಂಶ ಬಂದ ವಾರದಲ್ಲೇ ನಡೆಯಬೇಕು.