ಹಲಗೆ ಹೊರಗ, ಆರತಿ ಒಳಗ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮ ಕೇರಿಗಳಲ್ಲಿ ಐತವಾರ ಬಂತೆಂದರೆ ಒಂದು ಜಗಳ ಇದ್ದದ್ದೇ. ಹಳೇ ಸಭೆಯವರು ಪುಸ್ತಕ ಹಿಡಿದು ಕ್ರಮ ತಪ್ಪದೆ ಪ್ರಾರ್ಥನೆ ಓದುತ್ತಾರೆ. ಹೊಸ ಪ್ರಾರ್ಥನಾ ಮನೆಯವರು ಕೈ ಎತ್ತಿ, ಚಪ್ಪಾಳೆ ತಟ್ಟಿ, ಅತ್ತು ಪ್ರಾರ್ಥಿಸುತ್ತಾರೆ. ‘ಅವರದು ಬರೇ ಬಾಯಿಪಾಠರೀ’ ಅಂತ ಇವರು. ‘ಇವರದು ಬರೇ ಗದ್ದಲ’ ಅಂತ ಅವರು. ಇಬ್ಬರೂ ಕೇಳದ ಪ್ರಶ್ನೆಯೊಂದಿದೆ: ಈ ಆಚರಣೆ ಯಾರನ್ನು ಒಳಗೆ ಕೂಡಿಸಿತು, ಯಾರನ್ನು ಹೊರಗೆ ನಿಲ್ಲಿಸಿತು?

ಸಂಪ್ರದಾಯ ಅಂದರೇನೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜಾತ್ರೆಯಲ್ಲಿ ಹಲಗೆ ಬಾರಿಸಿದವರು ನಾವು. ಗುಡಿಯ ಹೊಸ್ತಿಲು ತುಳಿಯಬಾರದವರೂ ನಾವೇ. ಸತ್ತ ದನ ಹೊತ್ತದ್ದು ಸಂಪ್ರದಾಯ. ಸವದತ್ತಿ ಯಲ್ಲಮ್ಮನ ಹೆಸರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ್ದೂ ಸಂಪ್ರದಾಯ. ಅದನ್ನು ತಡೆಯಲು 1982ರಲ್ಲಿ ಕಾನೂನೇ ಬರಬೇಕಾಯಿತು. 1820ರಲ್ಲಿ ಲಂಡನ್ ಮಿಷನ್ ಬೆಳಗಾವಿಗೆ ಬಂತು. 1904ರಲ್ಲಿ ಆ ಕೆಲಸ ಮೆಥೊಡಿಸ್ಟರ ಕೈಗೆ ಹೋಯಿತು. ನಮ್ಮ ಹಿರಿಯರು ಅವರ ಬಾಗಿಲು ತಟ್ಟಿದ್ದು ಪೂಜಾವಿಧಿಯ ಆಸೆಗಲ್ಲ, ಸರಿಸಮ ಕೂಡುವ ಚಾಪೆಯ ಆಸೆಗೆ.

ಚರ್ಚು ಮಾಡಿದ್ದೇನು? ಮೊದಲು ಪರದೇಶದ ಪದ್ಧತಿ ಹೊತ್ತು ತಂದಿತು. ಆಮೇಲೆ ‘ಭಾರತೀಯ’ವಾಗಬೇಕೆಂದು ಎಚ್ಚರಗೊಂಡಿತು. 1969ರಲ್ಲಿ ರೋಮು ಭಾರತದ ಕ್ಯಾಥೊಲಿಕ್ ಪೂಜೆಗೆ 12 ಬದಲಾವಣೆಗಳನ್ನು ಒಪ್ಪಿತು: ನೆಲದ ಮೇಲೆ ಕೂಡುವುದು, ಕೈಮುಗಿಯುವುದು, ಎಣ್ಣೆದೀಪ, ಆರತಿ ಇತ್ಯಾದಿ. ನಮ್ಮದೇ ಜಿಲ್ಲೆಯ ದೇಶನೂರಿನಲ್ಲಿ ಜೆಸ್ವಿಟ್ ಪಾದ್ರಿಗಳು ವಿರಕ್ತ ಮಠದ ಮಾದರಿಯಲ್ಲಿ ಮಠ ಕಟ್ಟಿ ಕಾವಿ ತೊಟ್ಟರು. ನೆಲದ ಮೇಲೆ ಕೂತದ್ದನ್ನು ನಾವು ಹಳಿಯುವುದಿಲ್ಲ; ನಾವು ನೆಲದವರೇ. ಆದರೆ ಭಾರತೀಯ ಅಂದರೆ ಆರತಿ, ಕಾವಿ, ಪದ್ಮಾಸನ ಅಷ್ಟೇ ಏನು? ಬೀಸುಕಲ್ಲಿನ ಪದ ಯಾವ ದೇಶದ್ದು? ಹಲಗೆ ಯಾವ ದೇಶದ್ದು? ಮೇಲ್ಜಾತಿಯ ಅಂಗಳದಿಂದ ತಂದದ್ದು ಸಂಸ್ಕೃತಿ, ಕೇರಿಯಿಂದ ಬಂದದ್ದು ಮೈಲಿಗೆ. ಶಿಲುಬೆಯ ಕೆಳಗೂ ಅದೇ ಲೆಕ್ಕವೇ?

ಹಲಗೆಯನ್ನೂ ನಾವು ಸುಮ್ಮನೆ ಹೊಗಳಲಾರೆವು. ಅದರ ಸದ್ದಿನಲ್ಲಿ ಬಿಟ್ಟಿ ದುಡಿದ ಅಪ್ಪಂದಿರ ನೋವಿದೆ. ‘ಅದನ್ನ ಬಾರಿಸೂದು ಬಿಟ್ಟು ಮನುಷ್ಯಾರಾದ್ವಿ, ಮತ್ತ ಯಾಕ ಹಿಡೀಬೇಕು?’ ಅನ್ನುವ ಮುದುಕರ ಮಾತು ಸುಳ್ಳಲ್ಲ. ಬಾರಿಸಬೇಕೋ ಬೇಡವೋ ಎಂಬುದನ್ನು ಅವರೂ ಅವರ ಮಕ್ಕಳೂ ತೀರ್ಮಾನಿಸಲಿ, ಪಾದ್ರಿಯಲ್ಲ. ಬಾರಿಸಿದರೆ ಒಳಗೆ, ಸಭೆಯ ನಡುವೆ ಕೂತು ಬಾರಿಸಬೇಕು.

ಆಚರಣೆಯೇ ಬೇಡವೆನ್ನುವವರಲ್ಲ ನಾವು. ಯೇಸುವೂ ರೊಟ್ಟಿ ಮುರಿದ, ಶಿಷ್ಯರ ಕಾಲು ತೊಳೆದ. ಆದರೆ ಕುರಿ ಕಾಯುವ ಆಮೋಸ ಏನು ಹೇಳಿದ? ನ್ಯಾಯ ಹರಿಯದ ನಾಡಿನ ಹಬ್ಬವನ್ನೂ ಹಾಡನ್ನೂ ದೇವರು ಹೇಸುತ್ತಾನೆಂದ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ಬಡವರು ಹಸಿದು ಕೂತಾಗ, ಇದು ಕರ್ತನ ಭೋಜನವೇ ಅಲ್ಲವೆಂದ ಪೌಲ. ಅಲ್ಲಿ ಮಂತ್ರ ತಪ್ಪಿರಲಿಲ್ಲ, ಪಂಕ್ತಿ ತಪ್ಪಿತ್ತು. ಈಗ ನಮ್ಮನ್ನೇ ಕೇಳಿಕೊಳ್ಳೋಣ. ಒಂದೇ ಬಟ್ಟಲಲ್ಲಿ ದ್ರಾಕ್ಷಾರಸ ಕುಡಿದ ನಾವು, ಮದುವೆ ಮಾತು ಬಂದಾಗ ‘ಹೊಲೇರ ಓಣಿಯವರೋ, ಮಾದರ ಓಣಿಯವರೋ?’ ಎಂದು ಕೇಳಿದರೆ, ಆ ಬಟ್ಟಲಿಗೆ ಏನರ್ಥ?

2021ರ ಡಿಸೆಂಬರ್ 29ರಂದು ಮೂಡಲಗಿ ತಾಲೂಕಿನ ತುಕ್ಕಾನಟ್ಟಿಯಲ್ಲಿ ಮತಾಂತರದ ಆರೋಪ ಹೊರಿಸಿ, ದಲಿತ ಕುಟುಂಬವೊಂದರ ಮನೆಗೆ ನುಗ್ಗಿ ಹೊಡೆದರು. ಏಳು ಜನರ ಮೇಲೆ ಕೇಸಾಯಿತು. ಪುಸ್ತಕ ಓದುವ ಪ್ರಾರ್ಥನೆ, ಕೈ ಎತ್ತುವ ಪ್ರಾರ್ಥನೆ ಎಂಬ ಭೇದ ಹೊಡೆಯುವವರಿಗಿಲ್ಲ. ಸರ್ಕಾರಕ್ಕೂ ಇಲ್ಲ: 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿ ಪಟ್ಟಿಗೆ 1956ರಲ್ಲಿ ಸಿಖ್ ದಲಿತರು, 1990ರಲ್ಲಿ ಬೌದ್ಧ ದಲಿತರು ಸೇರಿದರು, ಕ್ರೈಸ್ತ ದಲಿತರು ಇಂದಿಗೂ ಹೊರಗೆ. ಹೊರಗೆ ಇಷ್ಟು ಗೋಡೆಗಳಿರುವಾಗ ಒಳಗೆ ನಾವೇ ಇನ್ನೊಂದು ಕಟ್ಟುವುದೇ?

ಗೆಳೆಯರೇ, ಒಂದು ಐತವಾರ ಎರಡೂ ಸಭೆಯವರು ಒಂದೇ ಕೇರಿಯಲ್ಲಿ ಕೂಡೋಣ. ರೊಟ್ಟಿ ನಮ್ಮ ಜೋಳದ್ದಿರಲಿ. ಎರಡೂ ಓಣಿಯವರು ಸೇರಿ ಬಡಿಯಲಿ, ಗಂಡಸರೂ ಒಲೆಯ ಮುಂದೆ ಕೂಡಲಿ. ಮೊದಲ ತುತ್ತು ಹಸಿದವರಿಗೆ. ಆಮೇಲೆ ಪುಸ್ತಕ ಓದ್ರಿ, ಕೈ ಎತ್ರಿ, ಹಲಗೆ ಬಾರಿಸ್ರಿ, ಸುಮ್ಮನೆ ಕೂಡ್ರಿ. ನಮ್ಮದೇನೂ ತಕರಾರಿಲ್ಲ.